ಇಬ್ಬರು ಆಡುವ ಸೀನು

ನಮ್ಮ ಕಡೆ ಅಕ್ಕ ತಂಗಿ ಎದುರುಬದುರು ಕೂತು, ಮರದ ಮಣೆಯ ಗುಳಿಗಳಿಗೆ ಕಾಯಿ ಹಂಚುವ ಚೆನ್ನೆಮಣೆ ಆಡುವುದಿಲ್ಲ. ಆಡಿದರೆ ಜಗಳವಾಗಿ ಸಂಬಂಧವೇ ಕಡಿದುಹೋಗುತ್ತದಂತೆ. ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು. ಹಾಗಂತ ಆಡಿದವಳೂ ಅಲ್ಲ.

ಸುಳ್ಯದಲ್ಲಿ ಇಂಜಿನಿಯರಿಂಗ್ ಓದುವಾಗ ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನೂ ನನ್ನ ಅವಳಿ ತಂಗಿಯೂ ಸೇರಿ ಮೊಬೈಲ್ ಚೆನ್ನೆಮಣೆ ಮಾಡಿದೆವು. ಆಟದ ಒಂದೊಂದು ಸೀನಿಗೂ ಒಂದೊಂದು ಫೈಲು. ಯಾವ ಗುಳಿ ಎಲ್ಲಿರಬೇಕು, ಅದರಲ್ಲಿ ಎಷ್ಟು ಕಾಯಿ ಎಂದು ಫೈಲಿನಲ್ಲಿ ಬರೆದಿಡುವುದು; ಆಟ ಅದನ್ನು ಓದಿ ಪರದೆಯ ಮೇಲೆ ಮಣೆ ಜೋಡಿಸುವುದು. ಫೈಲು ಬರೆದವಳು ತಂಗಿ, ಓದುವ ಪ್ರೋಗ್ರಾಂ ನನ್ನದು. ಫೋನಿನ ವಿರುದ್ಧ ಒಬ್ಬರೇ ಆಡುವ ಸೀನನ್ನು ಆಡಿ ಆಡಿ ಬೆರಳು ಸವೆಸಿದ್ದೆವು. ಇಬ್ಬರು ಆಡುವ ಸೀನನ್ನು ಮಾತ್ರ ಫೋನಿನಲ್ಲಿ ತೆರೆದೇ ಇರಲಿಲ್ಲ. ಅವಳು ಯಾವಳೋ ಗೆಳತಿಯ ಜೊತೆ ಆಡಿ ನೋಡಿರುತ್ತಾಳೆ ಎಂದು ನಾನು, ನಾನು ನೋಡಿರುತ್ತೇನೆ ಎಂದು ಅವಳು.

ಪರೀಕ್ಷೆಯ ದಿನ ಲ್ಯಾಬಿನಲ್ಲಿ, ಹೊರಗಿನ ಕಾಲೇಜಿನಿಂದ ಬಂದ ಪರೀಕ್ಷಕರು ಫೋನನ್ನು ನಮ್ಮಿಬ್ಬರ ನಡುವೆ ಇಟ್ಟರು.

"ಇಬ್ಬರು ಆಡುದು ಉಂಟಲ್ಲ, ಅದನ್ನು ನೀವೇ ಆಡಿ ತೋರಿಸಿ."

ಒತ್ತಿದೆ. ಪರದೆ ಕಪ್ಪಾಯಿತು. ಮತ್ತೆ ಒತ್ತಿದೆ. ಗುಳಿಯೂ ಇಲ್ಲ, ಕಾಯಿಯೂ ಇಲ್ಲ. ಇಲ್ಲಿ ಫೇಲಾದರೆ ಇಬ್ಬರಿಗೂ ಒಂದು ವರ್ಷ ಮಣ್ಣುಪಾಲು.

"ನಾನೊಂದು ಚಾ ಕುಡಿದು ಬರ್ತೇನೆ. ಅಷ್ಟರೊಳಗೆ ಸರಿಯಾದ್ರೆ ನೋಡುವ" ಎಂದು ಅವರು ಎದ್ದು ಹೋದರು.

"ನಿನ್ನ ಫೈಲೇ ಸರಿ ಇಲ್ಲ" ಎಂದೆ.

"ಫೈಲಿಗೆ ಎಂತ ಆಗಿದೆ? ನಿನ್ನ ಪ್ರೋಗ್ರಾಂ ಓದುದಿಲ್ಲ, ಅಷ್ಟೆ."

"ನಿನ್ನನ್ನು ಸೇರಿಸಿಕೊಂಡದ್ದೇ ತಪ್ಪು."

ಅವಳ ಮುಖ ಕೆಂಪಾಯಿತು. "ಹಾಗಾದ್ರೆ ಇವತ್ತಿಗೆ ಮುಗೀತು. ಇನ್ನು ನಿನ್ನೊಟ್ಟಿಗೆ ನನಗೆ ಎಂತದೂ ಬೇಡ."

ಲ್ಯಾಪ್‌ಟಾಪ್ ತೆರೆದು ನೋಡಿದರೆ ಇಬ್ಬರ ಕೆಲಸವೂ ಸರಿಯಾಗಿಯೇ ಇತ್ತು. ಫೈಲು ಲ್ಯಾಪ್‌ಟಾಪಿನಲ್ಲಿತ್ತು, ಆ್ಯಪಿನೊಳಗೆ ಸೇರಿರಲಿಲ್ಲ. ಸೇರಿಸಬೇಕಾದವರು ಯಾರು ಎಂದು ನಾವು ಮಾತಾಡಿಕೊಂಡೇ ಇರಲಿಲ್ಲ. ಒಬ್ಬಳು ಒಂದೇ ಒಂದು ಸಲ ಆಡಿ ನೋಡಿದ್ದರೂ ಗೊತ್ತಾಗುತ್ತಿತ್ತು. ಫೈಲು ಸೇರಿಸಿ ಆ್ಯಪನ್ನು ಹೊಸದಾಗಿ ಫೋನಿಗೆ ಹಾಕತೊಡಗಿದೆ. ಅದು ಆಮೆಯ ಹಾಗೆ ತೆವಳುತ್ತಿತ್ತು. ಕಾರಿಡಾರಿನಲ್ಲಿ ಪರೀಕ್ಷಕರ ದನಿ ಕೇಳಿಸಿದಾಗ ಇನ್ನೂ ಮುಗಿದಿರಲಿಲ್ಲ.

ಅವರು ಬಂದು ನನ್ನ ಬೆನ್ನ ಹಿಂದೆಯೇ ನಿಂತರು. ಒತ್ತಿದೆ. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಆಮೇಲೆ ಗುಳಿಗಳು ಒಂದೊಂದಾಗಿ ಮೂಡಿದವು, ಕಾಯಿ ತುಂಬಿತು. ತಲೆ ಎತ್ತದೆ ಆಡಿದೆವು. ಆಟ ಅರ್ಧವಾಗುವಾಗ ಅವರು "ಸಾಕು, ಒಳ್ಳೆದುಂಟು" ಎಂದರು.

ಮನೆಗೆ ಹೋಗುವ ಕಡಬದ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ತಂಗಿ ಹಿಂದೆ ಹೋಗಿ ಕೂತಳು. ದಾರಿಯುದ್ದಕ್ಕೂ ನನಗೆ ಹೆದರಿಕೆ. ಪಾಸಾದ ಖುಷಿ ಎಲ್ಲಿ ಹೋಯಿತೋ. ನಂಬದವಳಿಗೂ ಹೆದರಿಕೆಯಾಗುತ್ತದೆ.

ಮನೆಯಲ್ಲಿ ಪಾಸಾದದ್ದನ್ನು ಹೇಳಿದಾಗ ಅಮ್ಮ ಇಬ್ಬರ ಮುಖವನ್ನೂ ನೋಡಿದರು.

"ಪಾಸಾಯ್ತಲ್ಲ, ಮತ್ತೆ ಎಂತ ಹೀಗೆ? ನೀವಿಬ್ರೇ ಎದುರು ಕೂತು ಆಡಿದ್ರಾ?"

"ಇಲ್ಲಮ್ಮ" ಎಂದೆವು, ಇಬ್ಬರೂ ಒಟ್ಟಿಗೇ. ಲ್ಯಾಬಿನಿಂದ ಹೊರಟ ಮೇಲೆ ತಂಗಿ ಮೊದಲ ಸಲ ನನ್ನ ಮುಖ ನೋಡಿದ್ದು ಆಗಲೇ.