ಹೂಕೋಸು ಹಿಂಡಿ ಗೆದ್ದ ಕೋಸಕ್ಕ

ಬೆಳಗಿನ ಐದೂ ಕಾಲು. ಬಸ್ ಡಿಪೋದ ಅಂಗಳದಲ್ಲಿ ಮೊದಲ ಪಾಳಿಯ ಬಸ್ಸುಗಳು ಗುರುಗುಟ್ಟುತ್ತ ಮೈ ಬಿಸಿ ಮಾಡಿಕೊಳ್ಳುತ್ತಿವೆ. ಕ್ಯಾಂಟೀನಿನ ಹಿಂಬಾಗಿಲಲ್ಲಿ ಇಬ್ಬರು ಹೆಂಗಸರು ಎದುರುಬದುರು ನಿಂತು ದಪ್ಪ ಬಿಳಿ ಬಟ್ಟೆಯೊಂದನ್ನು ತಿರುಚುತ್ತಿದ್ದಾರೆ. ಒಗೆದ ಹೊದಿಕೆ ಹಿಂಡುತ್ತಿದ್ದಾರೆ ಎಂದುಕೊಂಡರೆ ನೀವು ಮೋಸ ಹೋದಿರಿ. ಒಳಗಿರುವುದು ಆವಿಯಲ್ಲಿ ಬೆಂದ ಹೂಕೋಸು. ಕೆಳಗಿನ ಬಕೆಟ್ಟಿಗೆ ನೀರು ಧಾರೆಯಾಗಿ ಇಳಿಯುತ್ತಿದೆ.

"ಇನ್ನೊಂದು ಸುತ್ತು! ಒಳಗೆ ಇನ್ನೂ ಕಳ್ಳನೀರಿದೆ, ಬಿಡ್ಬೇಡ," ಎಂದು ಎಡಗಡೆಯಾಕೆ ಹಲ್ಲುಕಚ್ಚಿ ತಿರುಚುತ್ತಾರೆ. ವಯಸ್ಸು ಐವತ್ತನಾಲ್ಕು. ಮುಂಗೈ ಮಾತ್ರ ಗ್ಯಾರೇಜಿನ ಮೆಕ್ಯಾನಿಕ್ಕುಗಳಿಗೂ ಸವಾಲು. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕಕ್ಕಷ್ಟೇ ಗೊತ್ತು. ಮಿಕ್ಕವರಿಗೆಲ್ಲ ಇವರು ಕೋಸಕ್ಕ.

ಇಂದು ವರ್ಷದ ಕೊನೆಯ ರಜೆ. ಊರಿಗೆಲ್ಲ ರಜೆಯಾದರೂ ಬಸ್ಸಿಗಿಲ್ಲ. ಹಾಗಾಗಿ ದುಡಿಯುವವರಿಗೂ ಅವರ ಮನೆಯವರಿಗೂ ಸಂಜೆ ಡಿಪೋದಲ್ಲೇ ಊಟ. ಮುನ್ನೂರ ಹತ್ತು ಜನ, ತೊಂಬತ್ತಾರು ಹೂಕೋಸು. ಆವಿಯಲ್ಲಿ ಬೇಯಿಸಿ, ಹಿಂಡಿ, ಬಾಣಲೆಯಲ್ಲಿ ಒಣಗುವಂತೆ ಹುರಿದು, ಬೆಣ್ಣೆ, ಬೆಳ್ಳುಳ್ಳಿ, ಚೀಸ್ ಸೇರಿಸಿ ನುಣ್ಣಗೆ ಅರೆದು, ಮೇಲೆ ಕಾಳುಮೆಣಸು ಉದುರಿಸಿ ಓವನ್ನಿನಲ್ಲಿ ಕೆಂಪಗಾಗಿಸುವುದು ಕೋಸಕ್ಕನ ಕೆಲಸ. ಆಲೂಗಡ್ಡೆಯ ಜಾಗದಲ್ಲಿ ಕೂರುವ, ಪಿಷ್ಟ ತೀರಾ ಕಡಿಮೆಯಿರುವ ತಿನಿಸು ಇದು.

ತಮಾಷೆಯೆಂದರೆ, ಇದೇ ಅಡುಗೆಮನೆಯಲ್ಲಿ ಹತ್ತೊಂಬತ್ತು ವರ್ಷ ಇವರು ಮಾಡಿದ್ದು ಆಲೂಗಡ್ಡೆ ಸುಲಿಯುವ ಕೆಲಸ. ದಿನಕ್ಕೆ ಎರಡು ಮೂಟೆ. "ಕಣ್ಣು ಮುಚ್ಚಿ ಸುಲೀತಿದ್ದೆ. ಕನಸಲ್ಲೂ ಸುಲೀತಿದ್ದೆ," ಎಂದು ನಗುತ್ತಾರೆ.

ಹೂಕೋಸಿನ ಕಡೆಗೆ ತಿರುಗಿಸಿದ್ದು ಅವರ ಅಣ್ಣ. ಇಪ್ಪತ್ತಾರು ವರ್ಷ ಬಸ್ಸು ಓಡಿಸಿದ ಮನುಷ್ಯ. ಸಕ್ಕರೆ ಕಾಯಿಲೆ ಕಣ್ಣಿಗಿಳಿದ ಮೇಲೆ ಸ್ಟೀರಿಂಗ್ ಕೈತಪ್ಪಿ, ವಿಚಾರಣೆ ಕೌಂಟರಿಗೆ ಬಂದು ಕೂತರು. ಆ ವರ್ಷದ ರಜೆಯೂಟದಲ್ಲಿ ಅವರ ತಟ್ಟೆಯಲ್ಲಿದ್ದದ್ದು ಒಂದು ತುಂಡು ಮಾಂಸ, ನಾಲ್ಕು ಬಿಲ್ಲೆ ಸೌತೆಕಾಯಿ. ಪಕ್ಕದವರ ತಟ್ಟೆಗಳಲ್ಲಿ ಆಲೂಗಡ್ಡೆಯ ಗುಡ್ಡ. "ಏನಣ್ಣಾ, ಮೊಲದ ಜೊತೆ ಪಂಕ್ತಿಗೆ ಕೂತಿದೀಯಾ?" ಎಂದು ಯಾರೋ ಅಂದರು. ಮೇಜೆಲ್ಲ ನಕ್ಕಿತು. ಅಣ್ಣನೂ ನಕ್ಕರು. ಆಮೇಲೆ ಕೌಂಟರಲ್ಲಿ ಫೋನು ಬಡ್ಕೋತಿದೆ ಎಂದು ಎದ್ದು ಹೋದರು.

"ಯಾವ ಫೋನೂ ಬಡ್ಕೊಂಡಿರಲಿಲ್ಲ," ಎನ್ನುತ್ತಾರೆ ಕೋಸಕ್ಕ. "ಬಡಿಸೋ ಕಿಂಡಿಯಿಂದ ನೋಡ್ತಿದ್ದೆ. ನನ್ನ ಕೈಯಲ್ಲಿ ಆಲೂಗಡ್ಡೆ ಸೌಟು. ಥೂ ಅನ್ನಿಸ್ಬಿಡ್ತು."

ಮರುವರ್ಷ ಮ್ಯಾನೇಜರನ್ನು ಕಾಡಿಬೇಡಿ ಒಂದು ಟ್ರೇ ಹೂಕೋಸು ಮಾಡಿದರು. ನೀರಲ್ಲಿ ಬೇಯಿಸಿ ಅರೆದದ್ದು ತಟ್ಟೆಯ ತುಂಬ ಹರಿದು ಮಾಂಸದ ಕೆಳಗೆ ಕೊಳ ಕಟ್ಟಿತು. "ಇದನ್ನ ರೇಡಿಯೇಟರಿಗೆ ಸುರೀಬಹುದು," ಎಂದರು ಹಿರಿಯ ಮೆಕ್ಯಾನಿಕ್. ಅಣ್ಣ ಮಾತ್ರ ಪೂರ್ತಿ ತಿಂದರು. "ಬೈದಿದ್ರೆ ಸಮಾಧಾನ ಆಗ್ತಿತ್ತು. ನನ್ನ ಮುಖ ನೋಡಿ ತಿಂದ. ಅದು ಚುಚ್ಚಿತು." ಇನ್ನು ಈ ಪ್ರಯೋಗ ಸಾಕು ಎಂದರು ಮ್ಯಾನೇಜರ್.

ಕೋಸಕ್ಕನಿಗೆ ಸಾಕಾಗಲಿಲ್ಲ. ಹನ್ನೊಂದು ತಿಂಗಳು, ಭಾನುವಾರ ಬಂತೆಂದರೆ ಮನೆಯಲ್ಲಿ ಹೂಕೋಸು. ತೀರ್ಪು ಕೊಡಲು ಎಂಬತ್ತೆರಡರ ಅತ್ತೆ. ಬಾಯಲ್ಲಿ ಹಲ್ಲಿಲ್ಲ, ಮಾತಿಗೆ ಮಾತ್ರ ಕೋರೆಹಲ್ಲು. ಒಂದು ಚಮಚ ಬಾಯಿಗಿಟ್ಟು "ನೀರು" ಎನ್ನುವರು. ಮುಂದಿನ ವಾರವೂ "ನೀರು". ಕೊನೆಗೆ ಸಿಟ್ಟು ನೆತ್ತಿಗೇರಿದ ಸೊಸೆ, ಬೆಂದ ಹೂಕೋಸನ್ನು ಬಟ್ಟೆಯಲ್ಲಿ ಕಟ್ಟಿ, ಒಂದು ತುದಿಯನ್ನು ಗಂಡನ ಕೈಗೆ ಕೊಟ್ಟು, ಎದುರಾಳಿಯ ಕತ್ತು ತಿರುಚಿದಂತೆ ತಿರುಚಿದರು. ಅರ್ಧ ಪಾತ್ರೆ ನೀರು! ಅಂದು ಅತ್ತೆಯ ಬಾಯಲ್ಲಿ "ನೀರು" ಬರಲಿಲ್ಲ. ತಟ್ಟೆಯನ್ನು ಮುಂದಕ್ಕೆ ತಳ್ಳಿ, "ಇನ್ನೂ ಸ್ವಲ್ಪ ಹಾಕು," ಎಂದರು.

ಆ ವರ್ಷದ ರಜೆಯೂಟಕ್ಕೆ ಮ್ಯಾನೇಜರ್ ಒಲ್ಲದ ಮನಸ್ಸಿನಿಂದ ಮೂಲೆಯ ಮೇಜು ಬಿಟ್ಟುಕೊಟ್ಟರು. ಮೂರು ಟ್ರೇ ಇಪ್ಪತ್ತು ನಿಮಿಷಕ್ಕೆ ಖಾಲಿ. ಆಲೂಗಡ್ಡೆ ಪಾತ್ರೆ ಅರ್ಧಕ್ಕೇ ನಿಂತು ಬಿಕೋ ಎನ್ನುತ್ತಿತ್ತು. ಹಿರಿಯ ಮೆಕ್ಯಾನಿಕ್ ಟ್ರೇಯ ಅಂಚು ಕೆರೆಯುವಾಗ ಸಿಕ್ಕಿಬಿದ್ದರು. ಅಣ್ಣ ಮೂರು ಸಲ ಹಾಕಿಸಿಕೊಂಡರು. ಬಾಗಿಲು ಹಾಕುವವರೆಗೂ ಅದೇ ಕುರ್ಚಿಯಲ್ಲಿ ಕೂತು ಹಳೇ ರೂಟುಗಳ ಕತೆ ಹೇಳಿ ಎಲ್ಲರನ್ನೂ ನಗಿಸಿದರು.

ಅದಾಗಿ ಇದು ಆರನೇ ವರ್ಷ. ಇನ್ನೆರಡು ಡಿಪೋಗಳ ಅಡುಗೆಯವರು ಕಳೆದ ವಾರ ಇಲ್ಲಿಗೇ ಬಂದು ಬಟ್ಟೆ ತಿರುಚುವುದನ್ನು ಕಲಿತು ಹೋಗಿದ್ದಾರೆ. ಸಹಾಯಕಿಯಾಗಿದ್ದ ಕೋಸಕ್ಕ ಈಗ ಮುಖ್ಯ ಅಡುಗೆಯವರು. "ಅವಳ ಅಣ್ಣ ಅಂತಾನೇ ನನ್ನ ಗುರುತು ಹಿಡೀತಾರೆ ಈಗ," ಎಂದು ಕೌಂಟರಿನಿಂದ ಅಣ್ಣ ಎದೆಯುಬ್ಬಿಸುತ್ತಾರೆ.

ಸಂಜೆ ಏಳಕ್ಕೆ ಟ್ರೇಗಳು ಹೊರಬರುತ್ತಿವೆ. ಹೊಸದಾಗಿ ಬಂದ ಮ್ಯಾನೇಜರ್ ಒಳ್ಳೆಯ ಮನಸ್ಸಿನಿಂದಲೇ ಟ್ರೇಗಳ ಮುಂದೆ ಇಡಲು ಒಂದು ಚೀಟಿ ಬರೆದು ತಂದಿದ್ದಾರೆ: 'ಸಕ್ಕರೆ ಕಾಯಿಲೆಯವರಿಗೆ'. ಕೋಸಕ್ಕ ಓದುತ್ತಾರೆ, ನಾಲ್ಕಾಗಿ ಮಡಚಿ ಏಪ್ರನ್ನಿನ ಜೇಬಿಗೆ ಸೇರಿಸುತ್ತಾರೆ.

"ಬೇಡ ಸಾರ್. ಕಾಯಿಲೆ ಇರೋರಿಗೆ ಅಂತ ಮಾಡಿದ್ರೆ ಒಂದು ಟ್ರೇ ಸಾಕಿತ್ತು. ಇಲ್ಲಿ ಹನ್ನೆರಡು ಇದೆ."