ನಮ್ಮನೇಲಿ ಮೊಟ್ಟೆನೂ ತರಲ್ಲ ಡಾಕ್ಟ್ರೇ

ಕಳೆದ ವರ್ಷ ದಸರಾ ರಜೆ ಮುಗಿದು ಶಾಲೆ ಶುರುವಾದ ವಾರ. ನಾವಿರುವುದು ಭದ್ರಾವತಿಯ ಜನ್ನಾಪುರದಲ್ಲಿ. ಬೆಳಿಗ್ಗೆ ನನ್ನ ಹೆಂಡತಿ ಸುಮಾ ಮಗಳಿಗೆ ಜಡೆ ಹಾಕುತ್ತಿದ್ದಳು. ಏಳು ವರ್ಷದ ಮಗು ಇದ್ದಕ್ಕಿದ್ದಂತೆ ಸೆಟೆದುಕೊಂಡು ನೆಲಕ್ಕೆ ಬಿತ್ತು. ಕಣ್ಣು ಮೇಲೆ, ಬಾಯಲ್ಲಿ ನೊರೆ.

ಆಟೋದಲ್ಲಿ ಹಾಕಿಕೊಂಡು ಹತ್ತಿರದ ಆಸ್ಪತ್ರೆಗೆ, ಅಲ್ಲಿಂದ ಶಿವಮೊಗ್ಗಕ್ಕೆ ಓಡಿದೆವು. ತಲೆಯ ಸ್ಕ್ಯಾನ್‌ನಲ್ಲಿ ಒಂದು ಚುಕ್ಕೆ ಕಂಡಿತು. ಅದು ಕ್ಷಯದ ಗಂಟೋ, ಲಾಡಿಹುಳುವಿನ ಮರಿಯೋ ಸ್ಕ್ಯಾನ್ ಒಂದರಿಂದಲೇ ಹೇಳಲಾಗದು, ರಕ್ತ ಪರೀಕ್ಷೆ ಮಾಡೋಣ ಎಂದರು ಡಾಕ್ಟರು. ಒಂದು ಸಣ್ಣ ಸಿರಿಂಜ್ ರಕ್ತ, ಅಷ್ಟೇ. ಎರಡು ದಿನ ಬಿಟ್ಟು ರಿಪೋರ್ಟ್ ಬಂತು. ಹುಳು. ನನ್ನ ಮಗಳ ಮಿದುಳಿನಲ್ಲಿ ಹುಳು!

"ಮನೇಲಿ ಯಾರಾದ್ರೂ ಹಂದಿಮಾಂಸ ತಿಂತೀರಾ?" ಎಂದು ಡಾಕ್ಟರು ಕೇಳಿದರು.

"ಛೇ, ನಮ್ಮನೇಲಿ ಮೊಟ್ಟೆನೂ ತರಲ್ಲ ಡಾಕ್ಟ್ರೇ" ಎಂದೆ. ಸುಮಾ ಪಕ್ಕದಲ್ಲೇ ಕೂತಿದ್ದಳು. ಹಾಗಿದ್ದರೆ ಸರಿಯಾಗಿ ತೊಳೆಯದ ಸೊಪ್ಪಿನಿಂದಲೂ ಬಂದಿರಬಹುದು ಎಂದರು ಡಾಕ್ಟರು.

ಮನೆಗೆ ಬಂದವನೇ ಅವಳ ಮೇಲೆ ಹರಿಹಾಯ್ದೆ. ಸೊಪ್ಪು ನೆಟ್ಟಗೆ ತೊಳೆಯುವುದಿಲ್ಲ, ಟಿವಿ ನೋಡುತ್ತಾ ಅಡುಗೆ ಮಾಡುತ್ತೀಯ, ನೀನೇ ಮಗುವಿಗೆ ಹುಳ ತಿನ್ನಿಸಿದೆ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ಅಂದಿನಿಂದ ಕೊತ್ತಂಬರಿಯನ್ನೂ ಉಪ್ಪುನೀರಿನಲ್ಲಿ ನೆನೆಸಿಟ್ಟು, ತೊಳೆದದ್ದನ್ನೇ ತೊಳೆಯುತ್ತಾ ಅಳುತ್ತಿದ್ದಳು.

ಮುಂದಿನ ಸಲ ಹೋದಾಗ ಡಾಕ್ಟರು ನಮ್ಮಿಬ್ಬರ ರಕ್ತ, ಮಲ ಎರಡನ್ನೂ ಪರೀಕ್ಷೆ ಮಾಡಿಸಿದರು. ಸುಮಾಳದು ಸರಿಯಿತ್ತು. ನನ್ನ ಮಲದಲ್ಲಿ ಲಾಡಿಹುಳುವಿನ ಮೊಟ್ಟೆ ಸಿಕ್ಕಿತು. ಅರೆಬೆಂದ ಹಂದಿಮಾಂಸ ತಿಂದರೆ ಆ ಹುಳು ಹೊಟ್ಟೆ ಸೇರುತ್ತದಂತೆ. ಅದು ಇರುವವನು ಕಕ್ಕಸಿಗೆ ಹೋಗಿಬಂದು ಸೋಪು ಹಾಕಿ ಕೈ ತೊಳೆಯದಿದ್ದರೆ, ಮೊಟ್ಟೆ ಅವನ ಕೈಯಿಂದಲೇ ಬೇರೆಯವರ ಊಟಕ್ಕೆ ಸೇರುತ್ತದಂತೆ.

"ಮಗುಗೆ ಊಟ ಯಾರು ಮಾಡಿಸ್ತಾರೆ?" ಎಂದರು.

ದಿನಾ ಸಾರನ್ನ ಕಲಸಿ ಕೈತುತ್ತು ಕೊಡುವವನು ನಾನೇ.

ವಾಪಸ್ ಬರುವಾಗ ಬಸ್ಸಿನಲ್ಲೇ ಸುಮಾಗೆ ಹೇಳಿಬಿಟ್ಟೆ. ಗೆಳೆಯರ ಜೊತೆ ಹೊರಗೆ ಹೋದಾಗ ಕದ್ದುಮುಚ್ಚಿ ಹಂದಿಮಾಂಸ ತಿನ್ನುತ್ತಿದ್ದೆ, ಒಮ್ಮೆ ಅರ್ಧಂಬರ್ಧ ಬೆಂದದ್ದನ್ನೂ ತಿಂದಿದ್ದೆ. ಅವಳು ಒಂದೇ ಮಾತು ಕೇಳಿದಳು: "ನನ್ನನ್ನ ಅಷ್ಟು ಬೈದ್ರಲ್ಲ, ಆಗ ಇದು ನೆನಪಿರ್ಲಿಲ್ವಾ?"

"ಇರ್ಲಿಲ್ಲ ಮಾರಾಯ್ತಿ" ಎಂದೆ.

ಮಗಳು ಮಾತ್ರೆ ತೆಗೆದುಕೊಂಡು ಈಗ ಚೆನ್ನಾಗಿದ್ದಾಳೆ. ನನ್ನ ಹೊಟ್ಟೆಯ ಹುಳುವೂ ಹೋಯಿತು. ಆದರೆ ಅವತ್ತು ಡಾಕ್ಟರು ಹಂದಿಮಾಂಸದ ಬಗ್ಗೆ ಕೇಳಿದ ತಕ್ಷಣವೇ ನನಗೆ ಎಲ್ಲ ನೆನಪಾಗಿತ್ತು. ನೆನಪಿಟ್ಟುಕೊಂಡೇ ಅವಳನ್ನು ಬೈದಿದ್ದೆ. ಅದನ್ನು ಸುಮಾಗೆ ಹೇಳಲು ಇವತ್ತಿಗೂ ನನ್ನಿಂದ ಆಗಿಲ್ಲ.