ಎರಡು ಬೋರು, ಒಂದೇ ಹೆಸರು

ಕಳೆದ ವಾರ ಹಳ್ಳಿಮೈಸೂರಿನ ಹತ್ತಿರದ ಒಂದು ತೋಟದಲ್ಲಿ, ಹೆಣ್ಣು ನೋಡಲು ಬಂದಿದ್ದ ಗಂಡಿನ ಕಡೆಯವರು ರೇಷ್ಮೆ ಸೀರೆ ಸಮೇತ ನೆನೆದು ತೊಪ್ಪೆಯಾದರು. ಮಳೆ ಬಂದಿರಲಿಲ್ಲ. ತಪ್ಪು ನನ್ನದು. ಆ ಹೊತ್ತಿನಲ್ಲಿ ನಾನು ಹಾಸನದ ಮನೆಯಲ್ಲಿ ಆರಾಮಾಗಿ ಅವರೆಕಾಯಿ ಸುಲಿಯುತ್ತಿದ್ದೆ!

ಇರಿ, ವಿವರಿಸುತ್ತೇನೆ.

ಅಂಕಣ ಬರೆದು ಹೊಟ್ಟೆ ತುಂಬುವುದಿಲ್ಲವೆಂದು ನಿಮಗೆ ಗೊತ್ತೇ ಇದೆ. ಹಾಗಾಗಿ ಒಂದು ಪುಟ್ಟ ಕಂಪನಿಗೆ ಕೈಪಿಡಿ ಬರೆದುಕೊಡುತ್ತೇನೆ. ಪಂಪ್‌ಸೆಟ್ಟಿಗೆ ಅವರ ಡಬ್ಬಿಯೊಂದನ್ನು ಕೂರಿಸಿದರೆ ಮೋಟಾರನ್ನು ಫೋನಿನಿಂದಲೇ ಆನ್ ಮಾಡಬಹುದು. ಈಗ ಅದಕ್ಕೊಂದು ಎಐ ಏಜೆಂಟ್ ಬಂದಿದೆ. ರೈತರು ಬಾಯಲ್ಲಿ ಹೇಳಿದರೆ ಸಾಕು, ಅದೇ ಆನ್ ಮಾಡುತ್ತದೆ.

ಆದರೆ ಯಾವ ಮೋಟಾರು ಎಂದು ಅದಕ್ಕೆ ಹೇಗೆ ತಿಳಿಯಬೇಕು? ಅದಕ್ಕೊಂದು ಟೂಲ್. ಆ ರೈತನ ಡಿವೈಸ್‌ಗಳನ್ನೆಲ್ಲ ಪಟ್ಟಿ ಮಾಡಿಕೊಡುತ್ತದೆ: ಹೆಸರು, ಜಾಗ, ಓಡುತ್ತಿದೆಯೋ ಇಲ್ಲವೋ. ಈ ಪಟ್ಟಿಯನ್ನು ಯಾವಾಗ ತರಿಸಿಕೊಳ್ಳಬೇಕು, ಹೇಗೆ ಓದಬೇಕು ಎಂದು ಏಜೆಂಟಿಗೆ ತಿಳಿಯುವಂತೆ ಬರೆಯುವುದು ನನ್ನ ಕೆಲಸ.

ಮನುಷ್ಯರಿಗೆ ಬರೆದ ಕೈಪಿಡಿಯನ್ನು ಯಾರು ಓದುತ್ತಾರೆ ಹೇಳಿ? (ನಮ್ಮ ಮಿಕ್ಸಿಯದು ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದೆ.) ಈ ಏಜೆಂಟ್ ಹಾಗಲ್ಲ. ಒಂದಕ್ಷರ ಬಿಡದೆ ಓದುತ್ತದೆ. ಓದಿದಂತೆಯೇ ನಡೆಯುತ್ತದೆ. ತೊಂದರೆಯಾದದ್ದೇ ಅಲ್ಲಿ.

ಜನ ತಮ್ಮ ಮೋಟಾರಿಗೆ ಇಡುವ ಹೆಸರುಗಳನ್ನು ನೀವು ನೋಡಬೇಕು. ಚನ್ನರಾಯಪಟ್ಟಣದ ಕಡೆಯವರೊಬ್ಬರು ‘ಸುಟ್ಟೋಗಿದ್ದು’ ಎಂದು ಇಟ್ಟಿದ್ದಾರೆ. ರಿಪೇರಿಯಾಗಿ ವರ್ಷವಾಯಿತು, ಹೆಸರು ಮಾತ್ರ ಹಾಗೇ ಇದೆ. ಎರಡೆರಡು ಮೋಟಾರಿಗೆ ಒಂದೇ ಹೆಸರಿಟ್ಟವರೂ ಇದ್ದಾರೆ. ಇಂಥವನ್ನು ನೋಡಿ ನೋಡಿ ಸುಸ್ತಾಗಿ, ‘ಒಂದೇ ಹೆಸರಿನವು ಎರಡಿದ್ದರೆ ಪಟ್ಟಿಯಲ್ಲಿ ಮೊದಲು ಬರುವುದನ್ನು ಆರಿಸು’ ಎಂದು ಬರೆದು ಎದ್ದುಬಿಟ್ಟೆ.

ನಿಂಗೇಗೌಡರಿಗೆ ಎರಡು ತೋಟ. ಎರಡೂ ಮೋಟಾರಿಗೆ ಅವರಿಟ್ಟ ಹೆಸರು ‘ತ್ವಾಟದ್ ಬೋರು’.

ಅವತ್ತು ಅವರ ಮಗಳು ಸವಿತಾಳನ್ನು ನೋಡಲು ಅರಕಲಗೂಡಿನಿಂದ ಬಂದಿದ್ದರು. ಗಂಡು, ಅವನ ತಾಯಿ, ಸವಿತಾ ಮೂವರೂ ಹೊಸ ತೋಟದ ಶುಂಠಿ ನೋಡಲು ಹೋಗಿದ್ದಾರೆ. ಗೌಡರು ಜಗಲಿಯಲ್ಲಿ ಗಂಡಿನ ತಂದೆಯ ಜೊತೆ ಕಾಫಿ ಕುಡಿಯುತ್ತಿದ್ದಾರೆ. ಅಷ್ಟರಲ್ಲಿ ತ್ರೀ ಫೇಸ್ ಕರೆಂಟ್ ಬಂತು. ಬೀಗರಾಗುವವರ ಎದುರು ಸ್ವಲ್ಪ ತೋರಿಸಿಕೊಳ್ಳೋಣವೆನಿಸಿತೇನೋ, ಗೌಡರು ಫೋನೆತ್ತಿ, “ತ್ವಾಟದ್ ಬೋರ್ ಆನ್ ಮಾಡಪ್ಪ” ಎಂದರು.

ಅವರ ಮನಸ್ಸಿನಲ್ಲಿದ್ದದ್ದು ಹಳೇ ತೋಟ. ಪಟ್ಟಿಯಲ್ಲಿ ಮೊದಲಿದ್ದದ್ದು ಹೊಸದು. ಶುಂಠಿಯ ನಡುವಿನ ಸ್ಪ್ರಿಂಕ್ಲರ್ ಜೆಟ್‌ಗಳೆಲ್ಲ ಒಟ್ಟಿಗೇ ತಿರುಗತೊಡಗಿದವು.

ಸುದ್ದಿ ಕೇಳಿ ಮೂರನೇ ದಿನ ನಾನೇ ಹೊಳೆನರಸೀಪುರದ ಬಸ್ ಹತ್ತಿ ಗೌಡರ ಮನೆಗೆ ಹೋದೆ. ತಪ್ಪು ಮಾಡಿದವರು ಮುಖ ತೋರಿಸಬೇಕಲ್ಲವೇ?

“ಏನ್ ಕಲ್ಸಿದ್ದೀರಿ ಮೇಡಂ ಅದ್ಕೆ?” ಗೌಡರು ಶುರು ಮಾಡಿದರು. “ನಮ್ ಆಳಾಗಿದ್ರೆ, ‘ಯಾವ್ದು ಗೌಡ್ರೆ, ಅಳೇದಾ ಒಸದಾ’ ಅಂತ ಒಂದ್ ಮಾತ್ ಕೇಳೋನು. ಇದ್ಕೇನು ಬಾಯಿಲ್ವ?”

ಅವರ ಫೋನಿನಲ್ಲಿ ಏಜೆಂಟ್ ಬರೆದಿಟ್ಟ ಟಿಪ್ಪಣಿ ಇತ್ತು: ‘ಒಂದೇ ಹೆಸರಿನವು ಎರಡು. ಸೂಚನೆಯಂತೆ ಮೊದಲನೆಯದನ್ನು ಆರಿಸಿದೆ.’ ಸೂಚನೆ ಯಾರದು? ನನ್ನದೇ ಎಂದು ಗೌಡರ ಮುಂದೆ ಒಪ್ಪಿಕೊಂಡೆ.

“ಸಂಬಂಧ ಕೆಟ್ಟುಹೋಯಿತಾ ಗೌಡ್ರೆ?”

“ಅವ್ರು ಒಪ್ಕಂಡವ್ರೆ ಕಣವ್ವ! ನೀರ್ ಬಿದ್ದಿದ್ದು ಒಳ್ಳೆ ಸೂಚ್ನೆ ಅಂತಾರೆ. ಈಗ ಇವ್ಳು ಒಲ್ಲೆ ಅಂತಾಳೆ. ಯಾಕೆ ಅಂದ್ರೆ ಬಾಯ್ ಬುಡಾಕಿಲ್ಲ.”

ಜಗಲಿಯಲ್ಲೇ ಕೂತು ಲ್ಯಾಪ್‌ಟಾಪ್ ತೆರೆದೆ. ‘ಒಂದೇ ಹೆಸರಿನವು ಎರಡಿದ್ದರೆ ನೀನೇ ತೀರ್ಮಾನಿಸಬೇಡ. ಎರಡರ ಜಾಗವನ್ನೂ ಹೇಳಿ, ಯಾವುದೆಂದು ಕೇಳು’ ಎಂದು ತಿದ್ದಿ ಕಂಪನಿಗೆ ಕಳಿಸಿದೆ. ಮುದ್ದೆ ಊಟ ಮುಗಿಯುವಷ್ಟರಲ್ಲಿ ಅದು ಏಜೆಂಟಿಗೆ ತಲುಪಿತ್ತು. ಗೌಡರು ಪರೀಕ್ಷೆ ಮಾಡಿದರು. “ಹಳೇ ತೋಟದ್ದಾ, ಹೊಸ ತೋಟದ್ದಾ?” ಎಂದು ಕೇಳಿತು ಫೋನು.

“ಅಂಗ್ ಬಾ ದಾರಿಗೆ!” ಎಂದರು ಗೌಡರು. ನನ್ನ ಕಡೆ ನೋಡಿ ಮೊದಲ ಸಲ ನಕ್ಕರು.

ಬಸ್‌ಸ್ಟಾಪಿನವರೆಗೆ ಸವಿತಾ ಜೊತೆಗೆ ಬಂದಳು. ಹೊಳೆನರಸೀಪುರದ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಹುಡುಗಿ. ನಾನು ಕ್ಷಮೆ ಕೇಳಿದೆ. ಅವಳು ಬಿದ್ದು ಬಿದ್ದು ನಗತೊಡಗಿದಳು.

“ನೀರು ಚಿಮ್ಮಿದೇಟ್ಗೆ ಆ ಗಂಡು ಅವ್ರವ್ವನ್ನ ಅಲ್ಲೇ ಬುಟ್ಟು ಓಡೋದ ಕಣಕ್ಕ. ಪಾಪ, ಆಯಮ್ಮ ಕೆಸರಲ್ಲಿ ಜಾರಿ ಕೂತ್ಬುಟ್ರು. ಕೈ ಕೊಟ್ಟು ಎಬ್ಬಿಸಿದ್ದು ನಾನು. ಇವ್ನು ಪಂಪ್‌ಹೌಸ್ ಬಾಗ್ಲಲ್ಲಿ ನಿಂತ್ಕಂಡು ಫೋನ್ ಒರೆಸ್ಕತಿದ್ದ. ಎಲ್ಡ್ ಗಂಟೆ ಎದುರುಬದುರು ಕೂತು ಮಾತಾಡಿದ್ರೂ ನಂಗಿದು ಗೊತ್ತಾಗ್ತಿತ್ತಾ?”

“ಅಪ್ಪನಿಗೆ ಇದನ್ನೇ ಹೇಳಮ್ಮ.”

“ಇವತ್ತು ಏಳ್ತೀನಿ. ಒಪ್ಕತಾರೆ.”

ಬಸ್ ಬಂತು. ಹತ್ತಿ ಕಿಟಕಿ ಪಕ್ಕ ಕೂತೆ. ಸವಿತಾ ಕಿಟಕಿಯ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದಳು:

“ಅಕ್ಕ, ಅದ್ನ ಇಷ್ಟ್ ಬೇಗ ಯಾಕ್ ತಿದ್ದುದ್ರಿ? ಇನ್ನೂ ಎಲ್ಡ್ ಕಡೆಯಿಂದ ಗಂಡು ಬರೋದೈತೆ!”